ಎಳ್ಳು ಬೀರುವ ಮನೆಗಳಿಗೆ ಒಂದು ಕರೆ: ಗೇಟಿನಾಚೆ ನಿಂತವರ ಕೈ ಬಿಡಬೇಡಿ

ದಿಲ್ಲಿ, ಗುರುಗ್ರಾಮ, ಫರೀದಾಬಾದ್, ನೊಯ್ಡಾ, ಗಾಜಿಯಾಬಾದಿನ ಕನ್ನಡ ಬಂಧುಗಳೇ,

ಜನವರಿ ಬಂದಿದೆ. ಗಣರಾಜ್ಯೋತ್ಸವಕ್ಕೆ ಮುಂಚೆ ರಾಜಧಾನಿಯಲ್ಲಿ ವರ್ಷಾ ವರ್ಷ ನಡೆಯುವ ಬಾಡಿಗೆದಾರರ, ಮನೆಗೆಲಸದವರ ಪೊಲೀಸ್ ವೆರಿಫಿಕೇಷನ್ ಮತ್ತೆ ಶುರುವಾಗುತ್ತದೆ. ಊರಿನ ಭದ್ರತೆಗೆ ತಪಾಸಣೆ ಬೇಕು. ಅದಕ್ಕೆ ಯಾರ ತಕರಾರೂ ಇಲ್ಲ. ಆದರೆ 2025ರ ಮಳೆಗಾಲದಲ್ಲಿ ತಪಾಸಣೆಯ ಹೆಸರಿನಲ್ಲಿ ನಮ್ಮ ಗೇಟುಗಳ ಮುಂದೆಯೇ ನಡೆದದ್ದು ಮತ್ತೊಮ್ಮೆ ನಡೆಯಬಾರದು. ಅದನ್ನು ತಡೆಯುವ ಕೆಲಸದಲ್ಲಿ ನಮಗೂ ಪಾಲಿದೆ. ಅದಕ್ಕಾಗಿ ಈ ಕರಪತ್ರ.

ಆ ಜುಲೈ ತಿಂಗಳನ್ನು ನೆನಪು ಮಾಡಿಕೊಳ್ಳಿ. ಗುರುಗ್ರಾಮದ ಎಷ್ಟೋ ಸೊಸೈಟಿಗಳಲ್ಲಿ ಬೆಳಗ್ಗೆ ಕಸದ ಗಾಡಿ ಬರಲಿಲ್ಲ. ಪಾತ್ರೆ ತೊಳೆಯುವವರು ಬರಲಿಲ್ಲ, ಮಗು ನೋಡಿಕೊಳ್ಳುವವರು ಬರಲಿಲ್ಲ. ಸೊಸೈಟಿಯ ವಾಟ್ಸ್ಯಾಪ್ ಗ್ರೂಪಿನಲ್ಲಿ ಮೊದಲು ಬಂದ ಪ್ರಶ್ನೆ ‘ಬೇರೆ ಯಾರಾದರೂ ಸಿಗುತ್ತಾರಾ’ ಎಂಬುದು. ಅವರು ಎಲ್ಲಿ ಹೋದರು ಎಂದು ಕೇಳಿದವರು ಕಡಿಮೆ. ಬಂಗಾಳಿ ಮಾತಾಡುವ ಕೂಲಿಗಳನ್ನು, ಅದರಲ್ಲೂ ಮುಸಲ್ಮಾನರನ್ನು, ಬಾಂಗ್ಲಾದೇಶಿಗಳಿರಬಹುದು ಎಂಬ ಅನುಮಾನದ ಮೇಲೆ ಪೊಲೀಸರು ಬಸ್ತಿಗಳಿಂದ ಎತ್ತಿಕೊಂಡು ಹೋಗಿದ್ದರು. ಊರಿನ ಸಮುದಾಯ ಭವನಗಳೇ ‘ಹೋಲ್ಡಿಂಗ್ ಸೆಂಟರ್’ ಆದವು. ಆಧಾರ್ ತೋರಿಸಿದರು, ವೋಟರ್ ಕಾರ್ಡ್ ತೋರಿಸಿದರು, ಸಾಲದು ಎಂದರು. ದಿನಗಟ್ಟಲೆ ಕೂರಿಸಿಕೊಂಡು, ಊರಿನಿಂದ ಕಾಗದ ತರಿಸಿ, ಕೊನೆಗೆ ಹೆಚ್ಚಿನವರನ್ನು ಭಾರತೀಯರೇ ಎಂದು ಬಿಟ್ಟು ಕಳಿಸಿದರು. ಅಷ್ಟರಲ್ಲಿ ಬಸ್ತಿಗಳು ಖಾಲಿಯಾಗಿದ್ದವು. ಮಾಲ್ದಾ, ಮುರ್ಷಿದಾಬಾದ್, ನದಿಯಾ ಕಡೆಯ ಕುಟುಂಬಗಳು ಮಕ್ಕಳನ್ನು, ಗಂಟುಮೂಟೆಯನ್ನು ಕಟ್ಟಿಕೊಂಡು ಸಿಕ್ಕ ಬಸ್ಸು, ಸಿಕ್ಕ ರೈಲು ಹತ್ತಿದವು.

ಆಗ ಗೇಟಿನ ಹತ್ತಿರ ನಿಂತ ಹೆಂಗಸರನ್ನು ನಮ್ಮಲ್ಲಿ ಕೆಲವರು ನೋಡಿದ್ದೇವೆ. ಕೈಯಲ್ಲಿ ಬಟ್ಟೆ ಅಂಗಡಿಯ ಪ್ಲಾಸ್ಟಿಕ್ ಕವರು. ಅದರೊಳಗೆ ಲ್ಯಾಮಿನೇಷನ್ ಮಾಡಿಸಿದ ಆಧಾರ್, ಅತ್ತೆಯ ರೇಷನ್ ಕಾರ್ಡು, ಮಗನ ಶಾಲೆಯ ಟೀಸಿ, ಮಡಚಿ ಮಡಚಿ ಗೆರೆಯ ಜಾಗದಲ್ಲಿ ಹರಿದ ಜಮೀನಿನ ಪತ್ರ. ಅಷ್ಟನ್ನೂ ಅವರು ಗಾರ್ಡಿಗೆ ತೋರಿಸುತ್ತಿದ್ದರು, ಮೇಡಂಗೆ ತೋರಿಸುತ್ತಿದ್ದರು, ಕೇಳದೇ ಇದ್ದವರಿಗೂ ತೋರಿಸುತ್ತಿದ್ದರು. ವರ್ಷಗಳಿಂದ ನಮ್ಮ ಮನೆಯ ಬೀಗದ ಕೈ ಇಟ್ಟುಕೊಂಡವರು ತಾವು ಯಾರೆಂದು ನಮಗೇ ರುಜುವಾತು ಮಾಡಬೇಕಾಯಿತು.

ಇನ್ನೊಂದು ಪ್ರಕರಣ ದಿಲ್ಲಿಯದೇ. ಬೀರಭೂಮ್ ಜಿಲ್ಲೆಯಿಂದ ಬಂದು ರೋಹಿಣಿಯ ಕಡೆ ಕೂಲಿ ಮಾಡಿಕೊಂಡಿದ್ದ ಒಂದು ಕುಟುಂಬವನ್ನು 2025ರ ಜೂನ್‌ನಲ್ಲಿ ಹಿಡಿದರು. ಹೆಂಗಸು ಬಸುರಿ. ಜೊತೆಯಲ್ಲಿ ಎಂಟು ವರ್ಷದ ಮಗ. ಕೆಲವೇ ದಿನಗಳಲ್ಲಿ ಅವರನ್ನು ಗಡಿಯಾಚೆ ಬಾಂಗ್ಲಾದೇಶಕ್ಕೆ ದಬ್ಬಲಾಯಿತು. ಅಲ್ಲಿ ಅವರು ಅಕ್ರಮವಾಗಿ ಒಳಬಂದವರೆಂದು ಜೈಲು ಸೇರಿದರು. ಸೆಪ್ಟೆಂಬರಿನಲ್ಲಿ ಕಲ್ಕತ್ತಾ ಹೈಕೋರ್ಟ್ ಅವರನ್ನು ವಾಪಸ್ ಕರೆತನ್ನಿ ಎಂದು ಆದೇಶಿಸಿತು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ತಾಯಿ ಮತ್ತು ಮಗ ಮಾಲ್ದಾದ ಗಡಿ ದಾಟಿ ಮರಳಿದ್ದು ಡಿಸೆಂಬರಿನಲ್ಲಿ, ಹೆರಿಗೆಗೆ ದಿನ ಹತ್ತಿರವಾದಾಗ. ಒಂದು ಬಸಿರಿನ ಬಹುಪಾಲು ಕಾಲ ಒಬ್ಬ ತಾಯಿಗೆ ದೇಶವೇ ಇಲ್ಲದಂತೆ ಮಾಡಿದ್ದು ನಮ್ಮ ರಾಜಧಾನಿಯಲ್ಲಿ ಶುರುವಾದ ಒಂದು ಅನುಮಾನ.

ಅದೇ ಮಳೆಗಾಲದಲ್ಲಿ ಲೋಧಿ ಕಾಲೊನಿ ಠಾಣೆಯಿಂದ ಪಶ್ಚಿಮ ಬಂಗಾಳದ ಅತಿಥಿಗೃಹವಾದ ಬಂಗಭವನಕ್ಕೆ ಹೋದ ಪತ್ರವೊಂದರಲ್ಲಿ ಬಂಗಾಳಿಯನ್ನು ‘ಬಾಂಗ್ಲಾದೇಶಿ ಭಾಷೆ’ ಎಂದು ಬರೆಯಲಾಗಿತ್ತು. ಸಂವಿಧಾನದ ಎಂಟನೇ ಪರಿಚ್ಛೇದದಲ್ಲಿ ಕನ್ನಡದ ಜೊತೆಗೇ ಕೂತಿರುವ ಭಾಷೆ ಅದು. ನಮ್ಮ ಮಕ್ಕಳು ಓದಿದ ದೆಹಲಿ ಕನ್ನಡ ಶಾಲೆ ಇರುವುದೂ ಅದೇ ಲೋಧಿ ಎಸ್ಟೇಟಿನ ಆಸುಪಾಸಿನಲ್ಲಿ. ಒಂದು ಭಾಷೆಯನ್ನು ಪರದೇಶದ್ದು ಎಂದು ಠಾಣೆಯಲ್ಲಿ ಕೂತು ಬರೆಯಬಹುದಾದರೆ ಯಾವ ಭಾಷೆ ಉಳಿದೀತು?

ಕನ್ನಡಿಗರಾದ ನಮಗೆ ಇದು ಹೊಸ ಪಾಠವಲ್ಲ. 1960ರ ದಶಕದ ಕೊನೆಯಲ್ಲಿ ಮುಂಬಯಿಯಲ್ಲಿ ‘ಬಜಾವೋ ಪುಂಗಿ, ಹಟಾವೋ ಲುಂಗಿ’ ಎಂದು ಕೂಗುತ್ತಾ ಉಡುಪಿ ಹೋಟೆಲುಗಳ ಮೇಲೆ ಕಲ್ಲು ತೂರಿದ್ದನ್ನು ನಮ್ಮ ಹಿರಿಯರು ಕಂಡವರು. ಗೋವಾದ ಬೈನಾ ಕಡಲತೀರದಲ್ಲಿ 2015ರಲ್ಲಿ ಉರುಳಿದ್ದು ಉತ್ತರ ಕರ್ನಾಟಕದಿಂದ ಹೋದ ಕೂಲಿಕಾರರ ಮನೆಗಳು. ಎಲ್ಲಕ್ಕಿಂತ ಹೆಚ್ಚಾಗಿ ನಮ್ಮ ಬೆಂಗಳೂರಿನದೇ ಕಥೆ ಕೇಳಿ. 2020ರ ಜನವರಿಯಲ್ಲಿ ಬೆಳ್ಳಂದೂರಿನ ಪಕ್ಕದ ಕರಿಯಮ್ಮನ ಅಗ್ರಹಾರದಲ್ಲಿ ಬಾಂಗ್ಲಾದೇಶಿಗಳ ಶೆಡ್ಡುಗಳಿವೆ ಎಂದು ಒಂದು ವಿಡಿಯೋ ಹರಿದಾಡಿತು. ಕೆಲವೇ ದಿನಗಳಲ್ಲಿ ಪೊಲೀಸರ ಸಮ್ಮುಖದಲ್ಲಿ ಜೇಸಿಬಿ ಬಂದು ಶೆಡ್ಡುಗಳನ್ನು ನೆಲಸಮ ಮಾಡಿತು. ಬೀದಿಗೆ ಬಿದ್ದವರಲ್ಲಿ ಅಸ್ಸಾಮಿನವರು, ತ್ರಿಪುರಾದವರು, ಬಂಗಾಳದವರು ಇದ್ದರು. ಜೊತೆಗೆ ಉತ್ತರ ಕರ್ನಾಟಕದಿಂದ ಬಂದ ಕನ್ನಡದ ಬಡವರೂ ಇದ್ದರು. ಕರ್ನಾಟಕದ ರಾಜಧಾನಿಯಲ್ಲಿ ಕನ್ನಡಿಗರೇ ಬಾಂಗ್ಲಾದೇಶಿಗಳಾದರು! ಪೊಲೀಸರಿಗೆ ಹಾಗೆ ತೆರವು ಮಾಡಿಸುವ ಅಧಿಕಾರ ಎಲ್ಲಿಂದ ಬಂತು ಎಂದು ಹೈಕೋರ್ಟ್ ಆಮೇಲೆ ತರಾಟೆಗೆ ತೆಗೆದುಕೊಂಡಿತು. ನೆಲೆ ಕಳೆದುಕೊಂಡವರಿಗೆ ಪುನರ್ವಸತಿಯಾಗಬೇಕೆಂದಿತು. ಅಷ್ಟು ಹೊತ್ತಿಗೆ ತಗಡು ತಗಡಾಗಿ, ಪಾತ್ರೆ ಪಡಗ ಮಣ್ಣಾಗಿ ಹೋಗಿತ್ತು. ಬಡವ ಎಂದ ಮೇಲೆ, ಪರಭಾಷೆಯವ ಎಂದ ಮೇಲೆ, ಗುರಿಯಿಟ್ಟ ಧರ್ಮ ಒಂದೇ ಆದರೂ ಪೆಟ್ಟು ಎಲ್ಲರಿಗೂ ಬೀಳುತ್ತದೆ.

ಗುರಿಯಿಟ್ಟ ಧರ್ಮ ಎಂದೆವು. ಅದನ್ನು ಬಾಯಿ ಬಿಟ್ಟೇ ಹೇಳಬೇಕು. ಈ ಹತ್ತು ವರ್ಷಗಳಲ್ಲಿ ನಮ್ಮ ಎನ್‌ಸಿಆರ್‌ನಲ್ಲಿ ಏನೇನು ನೋಡಿದೆವು! 2015ರ ಸೆಪ್ಟೆಂಬರಿನಲ್ಲಿ ದಾದ್ರಿಯ ಬಿಸಾಡ ಗ್ರಾಮದಲ್ಲಿ, ಫ್ರಿಜ್ಜಿನಲ್ಲಿ ಗೋಮಾಂಸ ಇದೆ ಎಂಬ ಗಾಳಿಮಾತಿಗೆ ಒಬ್ಬ ಮನುಷ್ಯನನ್ನು ಅವನ ಮನೆಯಲ್ಲೇ ಬಡಿದು ಕೊಂದರು. ಗ್ರೇಟರ್ ನೊಯ್ಡಾದ ನಮ್ಮ ಅಪಾರ್ಟ್‌ಮೆಂಟುಗಳಿಂದ ಅದು ದೂರವೇನಲ್ಲ. 2017ರ ಜೂನ್‌ನಲ್ಲಿ ಈದ್‌ಗೆ ಬಟ್ಟೆಬರೆ ಕೊಂಡು ದಿಲ್ಲಿಯಿಂದ ಮನೆಗೆ ಹೊರಟ ಹುಡುಗನನ್ನು ಮಥುರಾ ಕಡೆಯ ಲೋಕಲ್ ರೈಲಿನಲ್ಲಿ ಚಾಕುವಿನಿಂದ ಇರಿದರು. 2020ರ ಫೆಬ್ರುವರಿಯಲ್ಲಿ ಈಶಾನ್ಯ ದಿಲ್ಲಿಯಲ್ಲಿ 53 ಜನ ಸತ್ತರು. ಅವರಲ್ಲಿ ಹೆಚ್ಚಿನವರು ಮುಸಲ್ಮಾನರು, ಹಿಂದೂಗಳೂ ಇದ್ದರು. 2023ರ ಜುಲೈ 31ರಂದು ನೂಹ್‌ನಲ್ಲಿ ಹೊತ್ತಿದ ಬೆಂಕಿ ಅದೇ ರಾತ್ರಿ ಗುರುಗ್ರಾಮದ ಸೆಕ್ಟರ್ 57ರ ಮಸೀದಿಗೆ ತಲುಪಿ ಅಲ್ಲಿನ ಎಳೆಯ ಇಮಾಮರ ಜೀವ ತೆಗೆಯಿತು. ಆಮೇಲೆ ನೂಹ್‌ನಲ್ಲಿ ಬುಲ್ಡೋಜರ್ ನುಗ್ಗಿದಾಗ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ತಾನಾಗಿಯೇ ಪ್ರಕರಣ ಕೈಗೆತ್ತಿಕೊಂಡು ತಡೆಯಿತು. ಒಂದು ಸಮುದಾಯವನ್ನೇ ಗುಡಿಸಿಹಾಕುವ ಕೆಲಸ ನಡೆದಿದೆಯೇ ಎಂದು ಕೇಳಿತು. ಆ ಪ್ರಶ್ನೆ ಕೇಳಿದ್ದು ಯಾವ ಪಕ್ಷದವರೂ ಅಲ್ಲ, ನ್ಯಾಯಾಲಯ.

ಈ ಕರಪತ್ರ ಬರೆದವರೂ ಯಾವ ಪಕ್ಷಕ್ಕೂ ಸೇರಿದವರಲ್ಲ. ನಿರಂಕುಶ ಅಧಿಕಾರ ಒಂದೇ ಪಕ್ಷದ ಸ್ವತ್ತಲ್ಲ ಎಂಬುದಕ್ಕೆ ದಿಲ್ಲಿಗಿಂತ ಬೇರೆ ಸಾಕ್ಷಿ ಬೇಕಿಲ್ಲ. 1975ರ ಜೂನ್ 25ರ ರಾತ್ರಿ ಬಹಾದೂರ್ ಶಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳ ಕರೆಂಟು ತೆಗೆಸಿದ್ದು ಇನ್ನೊಂದು ಪಕ್ಷದ ಸರ್ಕಾರ. 1976ರ ಏಪ್ರಿಲ್ 19ರಂದು ತುರ್ಕಮಾನ್ ಗೇಟಿನಲ್ಲಿ ಮನೆ ಕೆಡವಬೇಡಿ ಎಂದು ಅಡ್ಡ ನಿಂತ ಜನರ ಮೇಲೆ ಗುಂಡು ಹಾರಿಸಿದ್ದೂ ಅದೇ ಸರ್ಕಾರ. ಅದಾದ ಒಂಬತ್ತನೇ ದಿನಕ್ಕೆ, ಏಪ್ರಿಲ್ 28ರಂದು, ತುರ್ತುಪರಿಸ್ಥಿತಿಯಲ್ಲಿ ಸರ್ಕಾರ ಯಾರನ್ನಾದರೂ ಹಿಡಿದಿಟ್ಟರೆ ನ್ಯಾಯಾಲಯದ ಬಾಗಿಲು ಬಡಿಯುವಂತಿಲ್ಲ ಎಂದು ಸುಪ್ರೀಂ ಕೋರ್ಟಿನ ನಾಲ್ವರು ನ್ಯಾಯಮೂರ್ತಿಗಳು ತೀರ್ಪು ಕೊಟ್ಟರು. ಎಚ್.ಆರ್. ಖನ್ನಾ ಒಬ್ಬರೇ ಒಪ್ಪಲಿಲ್ಲ. ಆ ಕೆಟ್ಟ ತೀರ್ಪು ಪೂರ್ತಿಯಾಗಿ ಅಳಿಸಿಹೋಗಿದ್ದು 41 ವರ್ಷಗಳ ನಂತರ, 2017ರ ಆಗಸ್ಟ್ 24ರಂದು, ಒಂಬತ್ತು ನ್ಯಾಯಮೂರ್ತಿಗಳ ಪೀಠದಲ್ಲಿ. ಖಾಸಗಿತನದ ಹಕ್ಕಿನ ಆ ಹೊಸ ತೀರ್ಪಿಗೆ ಒಬ್ಬ ಕನ್ನಡಿಗರ ಹೆಸರಿದೆ: ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. 86ರ ವಯಸ್ಸಿನಲ್ಲಿ, ಬೆಂಗಳೂರಿನ ಮನೆಯಲ್ಲಿ ಹಾಯಾಗಿ ಇರಬಹುದಾಗಿದ್ದ ಹಿರಿಯರು, ಆಧಾರ್ ವಿಷಯದಲ್ಲಿ ಸರ್ಕಾರ ಹೀಗೆ ಮಾಡಬಾರದು ಎನಿಸಿದ್ದಕ್ಕೆ ದಿಲ್ಲಿಗೆ ಅರ್ಜಿ ಹಾಕಿದರು. ಇವತ್ತು ಈ ದೇಶದ ಯಾವ ಊರಿನಲ್ಲಿ ಯಾರ ಖಾಸಗಿ ಬದುಕಿಗೆ ಸರ್ಕಾರ ಕೈ ಹಾಕಿದರೂ ವಕೀಲರು ಮೊದಲು ಎತ್ತುವುದು ನಮ್ಮ ಪುಟ್ಟಸ್ವಾಮಿಯವರ ಹೆಸರನ್ನು. ದಿಲ್ಲಿ ಕನ್ನಡಿಗರು ಹೆಮ್ಮೆ ಪಡಬೇಕಾದ ಸಂಗತಿ ಇದು.

ಈಗ ಅಮೆರಿಕದ ಮಾತಿಗೆ ಬನ್ನಿ, ಅಲ್ಲಿ ಹೊರಗಿನವರು ನಾವೇ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಮಗ ನ್ಯೂಜೆರ್ಸಿಯಲ್ಲಿದ್ದಾನೆ, ಮಗಳು ಡಲ್ಲಾಸಿನಲ್ಲಿದ್ದಾಳೆ. ರಾತ್ರಿ ಹತ್ತಕ್ಕೆ ವಿಡಿಯೋ ಕಾಲ್ ಬಂದರೆ ಮೊದಲು ವೀಸಾದ ಮಾತು, ಆಮೇಲೆ ಊಟದ ಮಾತು. 2025ರ ಜನವರಿ 20ರಂದು ಹೊಸ ಅಧ್ಯಕ್ಷರು ಅಧಿಕಾರ ವಹಿಸಿದ ದಿನವೇ, ಅಲ್ಲಿ ಹುಟ್ಟುವ ನಮ್ಮಂಥವರ ಮಕ್ಕಳಿಗೆ ಪೌರತ್ವ ಬೇಡ ಎಂದು ಆದೇಶ ಹೊರಡಿಸಿದರು. ನ್ಯಾಯಾಲಯಗಳು ಅಡ್ಡ ನಿಂತವು. ಫೆಬ್ರುವರಿ 5ರಂದು ಅಮೆರಿಕದ ಸೇನಾ ವಿಮಾನ 104 ಭಾರತೀಯರನ್ನು ಕೈಗೆ ಕೋಳ, ಕಾಲಿಗೆ ಸರಪಳಿ ಹಾಕಿ ಅಮೃತಸರಕ್ಕೆ ತಂದು ಇಳಿಸಿತು. ಸೆಪ್ಟೆಂಬರ್ 19ರಂದು ಎಚ್-1ಬಿ ವೀಸಾದ ಹೊಸ ಅರ್ಜಿಗೆ ಒಂದು ಲಕ್ಷ ಡಾಲರ್ ಶುಲ್ಕ ಎಂಬ ಘೋಷಣೆ ಬಂದ ರಾತ್ರಿ, ರಜೆಗೆ ಬಂದ ಮಕ್ಕಳು ಟಿಕೆಟ್ ಬದಲಿಸಿಕೊಂಡು ಇಂದಿರಾ ಗಾಂಧಿ ವಿಮಾನ ನಿಲ್ದಾಣಕ್ಕೆ ಓಡಿದ್ದು ನಮಗೆ ಗೊತ್ತಿದೆ.

ಇದಕ್ಕಿಂತ ಹತ್ತಿರದ ಹೋಲಿಕೆ ಲಾಸ್ ಏಂಜಲೀಸಿನದು. ಅಲ್ಲಿನ ವಲಸೆ ಪೊಲೀಸರು ಮೈಬಣ್ಣ ನೋಡಿ, ಸ್ಪ್ಯಾನಿಷ್ ಮಾತು ಅಥವಾ ಇಂಗ್ಲಿಷಿನ ಉಚ್ಚಾರಣೆ ಕೇಳಿ, ಮಾಡುವ ಕೂಲಿ ಯಾವುದು, ನಿಂತ ಜಾಗ ಯಾವುದು ಎಂದು ನೋಡಿ ಜನರನ್ನು ಹಿಡಿಯುತ್ತಿದ್ದರು. ಬರೀ ಇಷ್ಟರ ಮೇಲೆ ಯಾರನ್ನೂ ತಡೆಯಬೇಡಿ ಎಂದು ಕೆಳಗಿನ ನ್ಯಾಯಾಲಯ 2025ರ ಜುಲೈ 11ರಂದು ಹೇಳಿತು. ಸೆಪ್ಟೆಂಬರ್ 8ರಂದು ಅಮೆರಿಕದ ಸುಪ್ರೀಂ ಕೋರ್ಟು ಆ ಆದೇಶಕ್ಕೇ ತಡೆ ಕೊಟ್ಟಿತು. ಜುಲೈ ತಿಂಗಳು ಅಲ್ಲೂ ಅದೇ, ಇಲ್ಲೂ ಅದೇ. ಬಾಯಿ ಬಿಟ್ಟ ಕೂಡಲೇ ಸಿಕ್ಕಿಬೀಳುವ ಭಯ ಅಲ್ಲಿ ಮೆಕ್ಸಿಕೋದ ಮಾಲಿಗೆ, ಇಲ್ಲಿ ಮಾಲ್ದಾದ ಮನೆಗೆಲಸದವಳಿಗೆ. ನಾಳೆ ನಮ್ಮ ಮಗಳ ಇಂಗ್ಲಿಷಿನಲ್ಲಿರುವ ಮೈಸೂರಿನ ದನಿಯೂ ಆ ಕಿವಿಗಳಿಗೆ ಬೀಳದೆ ಇರುತ್ತದೆಯೇ?

ಟೆಕ್ಸಾಸಿನ ಶುಗರ್‌ಲ್ಯಾಂಡಿನಲ್ಲಿ 90 ಅಡಿಯ ಆಂಜನೇಯನ ಮೂರ್ತಿ 2024ರ ಆಗಸ್ಟಿನಲ್ಲಿ ನಿಂತಿತು. ಮರುವರ್ಷ ಅಲ್ಲಿನ ರಾಜಕಾರಣಿಯೊಬ್ಬರು ಸುಳ್ಳು ದೇವರ ಸುಳ್ಳು ಮೂರ್ತಿ ಇಲ್ಲೇಕೆ, ನಮ್ಮದು ಕ್ರೈಸ್ತ ರಾಷ್ಟ್ರ ಎಂದು ಸಾರಿದರು. ನಮ್ಮಲ್ಲಿ ಅನೇಕರಿಗೆ ಅದು ಎದೆಗೆ ಚುಚ್ಚಿತು. ಚುಚ್ಚಲೇಬೇಕು. ಅಲ್ಲಿನ ಆಂಜನೇಯನನ್ನು ಕಾಯುತ್ತಿರುವುದು 1791ರಲ್ಲಿ ಅಮೆರಿಕದ ಸಂವಿಧಾನಕ್ಕೆ ಸೇರಿದ ಮೊದಲ ತಿದ್ದುಪಡಿ: ಸರ್ಕಾರಕ್ಕೆ ತನ್ನದೇ ಧರ್ಮ ಇರಕೂಡದು, ಯಾರ ಪೂಜೆಗೂ ಅಡ್ಡಿ ಮಾಡಕೂಡದು. ಆ ನಿಯಮ ನಮ್ಮ ಮಕ್ಕಳಿಗೆ ಅಲ್ಲಿ ಬೇಕು. ಹಾಗಿದ್ದರೆ ಗುರುಗ್ರಾಮದ ಬಯಲಿನಲ್ಲಿ ಶುಕ್ರವಾರದ ನಮಾಜಿಗೆ ಕೂತವರ ಸುತ್ತ ಘೋಷಣೆ ಕೂಗಿದಾಗಲೂ ಅದೇ ನಿಯಮ ನಮಗೆ ಬೇಕು. 2021ರಲ್ಲಿ ಹಾಗೆ ಕೂಗಿದಾಗ ಒಬ್ಬ ಹಿಂದೂ ವ್ಯಾಪಾರಿ ತಮ್ಮ ಅಂಗಡಿಯ ಜಾಗವನ್ನೇ ನಮಾಜಿಗೆ ಬಿಟ್ಟುಕೊಟ್ಟರು. ಗುರುದ್ವಾರದವರು ಬಾಗಿಲು ತೆರೆಯುತ್ತೇವೆ ಎಂದರು. ಅಂಥವರು ನಮ್ಮ ಊರಿನಲ್ಲೇ ಇದ್ದಾರೆ.

ಅಲ್ಲಿ ನಾವು ಅಲ್ಪಸಂಖ್ಯಾತರು, ಇಲ್ಲಿ ಬಹುಸಂಖ್ಯಾತರು. ಅಲ್ಲಿ ಬೇಡುವ ನ್ಯಾಯವನ್ನು ಇಲ್ಲಿ ಕೊಡದೆ ಇದ್ದರೆ ಯಾವ ಮುಖ ಹೊತ್ತು ಬೇಡುವುದು?

ಇನ್ನು ಮಾಡಬೇಕಾದ ಕೆಲಸ.

ಮೊದಲನೆಯದು ಒಂದು ಕಾಗದ. ನಿಮ್ಮ ಮನೆಗೆ ಕೆಲಸಕ್ಕೆ ಬರುವ ಪ್ರತಿಯೊಬ್ಬರಿಗೂ, ಕಾರು ತೊಳೆಯುವ ಹುಡುಗನಿಗೂ, ಕಸ ಒಯ್ಯುವವರಿಗೂ ಸಂಕ್ರಾಂತಿಯ ದಿನವೇ ಬರೆದುಕೊಡಿ. ಬಿಳಿ ಹಾಳೆಯ ಮೇಲೆ ಹಿಂದಿಯಲ್ಲಿ ನಾಲ್ಕು ಸಾಲು ಸಾಕು: ಇವರ ಹೆಸರು ಇದು, ಇಂಥ ವರ್ಷದಿಂದ ನಮ್ಮ ಮನೆಯಲ್ಲಿ ಕೆಲಸ ಮಾಡುತ್ತಿದ್ದಾರೆ, ಇವರನ್ನು ನಾನು ಬಲ್ಲೆ, ಏನಾದರೂ ಕೇಳಬೇಕಿದ್ದರೆ ಯಾವ ಹೊತ್ತಿನಲ್ಲಾದರೂ ನನಗೆ ಫೋನ್ ಮಾಡಿ. ಕೆಳಗೆ ನಿಮ್ಮ ಹೆಸರು, ಫ್ಲಾಟ್ ನಂಬರು, ಮೊಬೈಲ್ ನಂಬರು, ತಾರೀಖು, ಸಹಿ. ಆ ಹಾಳೆಯ ಫೋಟೊ ಅವರ ಫೋನಿನಲ್ಲೂ ಇರಲಿ, ನಿಮ್ಮದರಲ್ಲೂ ಇರಲಿ. ಅವರ ದಾಖಲೆಗಳ ಫೋಟೊ ತೆಗೆದು ಅವರ ಊರಿನ ಒಬ್ಬ ನೆಂಟರಿಗೆ ಕಳಿಸಿಕೊಡಿ. ಪೊಲೀಸರು ದಾಖಲೆ ಕಿತ್ತುಕೊಂಡರು, ಫೋನ್ ಇಟ್ಟುಕೊಂಡರು ಎಂಬ ದೂರು ಆ ಜುಲೈನಲ್ಲಿ ಬಂದಿದೆ. ಪ್ರತಿ ಬೇರೆ ಕಡೆ ಇದ್ದರೆ ಅಷ್ಟರಮಟ್ಟಿಗೆ ಧೈರ್ಯ. ಈ ಹಾಳೆ ಪೌರತ್ವದ ದಾಖಲೆಯಲ್ಲ, ನಿಜ. ಆದರೆ ಈ ಮನುಷ್ಯರ ಹಿಂದೆ ಕೇಳುವವರು ಒಬ್ಬರಿದ್ದಾರೆ ಎಂದು ಠಾಣೆಗೆ ಗೊತ್ತಾದರೆ ಅರ್ಧ ಕೆಲಸ ಆದಂತೆ.

ಯಾರನ್ನಾದರೂ ಕರೆದೊಯ್ದರೆ ಇಬ್ಬರು ಸೇರಿ ಠಾಣೆಗೆ ಹೋಗಿ, ಒಬ್ಬರೇ ಹೋಗಬೇಡಿ. ದನಿ ಏರಿಸಬೇಡಿ. ‘ಅರೆಸ್ಟ್ ಮಾಡಿದ್ದೀರಾ ಸರ್?’ ಎಂದು ಕೇಳಿ. ಹೌದು ಎಂದರೆ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ ಕಾರಣ ಹೇಳಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು: 47, 48, 58ನೇ ಸೆಕ್ಷನ್ನುಗಳು. ಇಲ್ಲ, ವಿಚಾರಣೆಗೆ ಕೂರಿಸಿಕೊಂಡಿದ್ದೇವೆ ಅಷ್ಟೇ ಎಂದರೆ, ‘ಹಾಗಾದರೆ ಮನೆಗೆ ಕಳಿಸಿಕೊಡಿ, ನಾಳೆ ನಾನೇ ಕರೆತರುತ್ತೇನೆ’ ಎನ್ನಿ. ಉಚಿತ ಕಾನೂನು ನೆರವಿಗೆ 15100ಕ್ಕೆ ಫೋನ್ ಮಾಡಿ. ಅದು ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ ನಂಬರು. ಸುಪ್ರೀಂ ಕೋರ್ಟು 2024ರ ಜುಲೈನಲ್ಲಿ ಅಸ್ಸಾಮಿನ ರಹೀಂ ಅಲಿ ಪ್ರಕರಣದಲ್ಲಿ ಹೇಳಿದ್ದೂ ನೆನಪಿರಲಿ: ಕೈಯಲ್ಲಿ ಏನೂ ಆಧಾರವಿಲ್ಲದೆ ದಾರಿಹೋಕರನ್ನು ಹಿಡಿದು ನೀನು ಭಾರತೀಯನೆಂದು ಸಾಬೀತು ಮಾಡು ಎನ್ನುವಂತಿಲ್ಲ. ಅನುಮಾನಕ್ಕೆ ಕಾರಣ ಏನೆಂದು ಸರ್ಕಾರ ಮೊದಲು ತೋರಿಸಬೇಕು.

ಮನೆ ಕೆಡವಲು ಬಂದರೆ ಸುಪ್ರೀಂ ಕೋರ್ಟಿನ 2024ರ ನವೆಂಬರ್ 13ರ ತೀರ್ಪಿದೆ. ನ್ಯಾಯಮೂರ್ತಿಗಳಾದ ಬಿ.ಆರ್. ಗವಾಯಿ ಮತ್ತು ಕೆ.ವಿ. ವಿಶ್ವನಾಥನ್ ಅವರದು. 15 ದಿನ ಮುಂಚೆ ನೋಟಿಸು ಕೊಡಬೇಕು, ಮನೆಯವರ ಮಾತು ಕೇಳಬೇಕು, ಕೆಡವುವುದನ್ನು ವಿಡಿಯೋ ಮಾಡಬೇಕು, ನಿಯಮ ಮೀರಿದರೆ ನಷ್ಟವನ್ನು ಅಧಿಕಾರಿಯೇ ತನ್ನ ಕೈಯಿಂದ ಕೊಡಬೇಕು. ರಸ್ತೆ, ಫುಟ್‌ಪಾತ್, ರೈಲು ಹಳಿ, ನದಿಪಾತ್ರದ ಮೇಲೆ ಕಟ್ಟಿದ್ದಕ್ಕೆ ಈ ರಕ್ಷಣೆ ಇಲ್ಲ ಎಂಬುದನ್ನೂ ತಿಳಿದಿರಿ, ಬಸ್ತಿಯವರಿಗೆ ಸುಳ್ಳು ಭರವಸೆ ಕೊಡಬಾರದು.

ಸೊಸೈಟಿಯ ಮೀಟಿಂಗಿನಲ್ಲಿ ಎದ್ದು ನಿಂತು ಮಾತಾಡಿ. ವೆರಿಫಿಕೇಷನ್ ಮಾಡುವುದಾದರೆ ಎಲ್ಲರಿಗೂ ಒಂದೇ ಥರ ಮಾಡಲಿ. ಬಂಗಾಳಿಯವರನ್ನು ಬಿಡಿಸಿ, ಮುಸಲ್ಮಾನರಿಗೆ ಬಾಡಿಗೆಗೆ ಕೊಡಬೇಡಿ ಎಂಬ ಮಾತು ಬಂದಾಗ ಸುಮ್ಮನೆ ತಲೆ ತಗ್ಗಿಸಬೇಡಿ. ನಮ್ಮ ಕನ್ನಡದ ಹಿರಿಯರು ಎಷ್ಟೋ ಜನ ಸರ್ಕಾರಿ ನೌಕರಿಯಿಂದ ನಿವೃತ್ತರಾದವರು, ಕಾನೂನು ಕಟ್ಟಳೆ ಬಲ್ಲವರು, ಮೀಟಿಂಗಿನಲ್ಲಿ ಅವರ ಮಾತಿಗೆ ತೂಕವಿದೆ. ಆ ತೂಕವನ್ನು ಇಂಥ ಕಡೆ ಇಡಬೇಕು, ಅಜ್ಜಂದಿರೇ. ಕನ್ನಡ ಗ್ರೂಪುಗಳಲ್ಲಿ ಯಾವ ಊರಿನದೋ ಯಾವ ವರ್ಷದ್ದೋ ವಿಡಿಯೋ ಬಂದಾಗ ಕಳಿಸಿದವರಿಗೇ ಫೋನ್ ಮಾಡಿ, ‘ಇದು ಎಲ್ಲಿಂದ ಬಂತು ಅಣ್ಣ’ ಎಂದು ಕೇಳಿ. ಎಲ್ಲರೆದುರು ಅವಮಾನ ಮಾಡುವುದು ಬೇಡ. ಕರಿಯಮ್ಮನ ಅಗ್ರಹಾರದ ಶೆಡ್ಡುಗಳು ಉರುಳುವ ಮುಂಚೆ ಹರಿದಾಡಿದ್ದು ಅಂಥದೇ ಒಂದು ವಿಡಿಯೋ.

ಕರ್ನಾಟಕದಿಂದ ಲೋಕಸಭೆಗೆ 28, ರಾಜ್ಯಸಭೆಗೆ 12 ಸದಸ್ಯರು ಈ ಊರಿಗೆ ಬರುತ್ತಾರೆ. ಬಜೆಟ್ ಅಧಿವೇಶನಕ್ಕೆ ಎಲ್ಲರೂ ಇಲ್ಲೇ ಇರುತ್ತಾರೆ. ನಿಮ್ಮ ತವರು ಜಿಲ್ಲೆಯ ಸಂಸದರಿಗೆ, ಪಕ್ಷ ಯಾವುದಾದರೂ ಸರಿ, ಒಂದು ಪುಟದ ಪತ್ರ ಬರೆಯಿರಿ. ಭಾಷೆಯ ಆಧಾರದ ಮೇಲೆ, ಧರ್ಮದ ಆಧಾರದ ಮೇಲೆ ಭಾರತೀಯರನ್ನು ಹಿಡಿದಿಡುವುದನ್ನು ಸದನದಲ್ಲಿ ಪ್ರಶ್ನಿಸಿ ಎಂದು ಕೇಳಿ. ಅಮೆರಿಕದಲ್ಲಿ ನಮ್ಮ ಮಕ್ಕಳಿಗೆ ತೊಂದರೆಯಾದಾಗ ಇದೇ ಸಂಸದರ ಬಾಗಿಲಿಗೆ ಹೋಗುತ್ತೇವಲ್ಲ, ಎರಡನ್ನೂ ಒಂದೇ ಪತ್ರದಲ್ಲಿ ಬರೆಯಿರಿ.

ಜನವರಿ 26ರ ಬೆಳಗ್ಗೆ ನಿಮ್ಮ ಸೊಸೈಟಿಯಲ್ಲಿ ಧ್ವಜಾರೋಹಣ ಇರುತ್ತದೆ. ವರ್ಷವೂ ನಾವು ಮುಂದಿನ ಕುರ್ಚಿಗಳಲ್ಲಿ ಕೂರುತ್ತೇವೆ, ಕುರ್ಚಿ ಹಾಕಿದವರು ಹಿಂದೆ ಕಾಂಪೌಂಡಿನ ಪಕ್ಕ ನಿಲ್ಲುತ್ತಾರೆ. ಈ ಸಲ ಅವರನ್ನು ಮುಂದೆ ಕರೆದು ಕೂರಿಸಿ. ಬಾವುಟ ಏರಿದ ಮೇಲೆ ಸಂವಿಧಾನದ ಪೀಠಿಕೆಯನ್ನು ಹಿಂದಿಯಲ್ಲಿ ಒಬ್ಬರು, ಕನ್ನಡದಲ್ಲಿ ಒಬ್ಬರು, ಬಂಗಾಳಿಯಲ್ಲಿ ಒಬ್ಬರು ಗಟ್ಟಿಯಾಗಿ ಓದಲಿ. ಬಂಗಾಳಿಯಲ್ಲಿ ಓದಲು ಕಸದ ಗಾಡಿಯವರ ಮನೆಯ, ಶಾಲೆಗೆ ಹೋಗುವ ಮಗುವನ್ನೇ ಕೇಳಿ. ಅದಕ್ಕೆ ಸೊಸೈಟಿಯ ಒಪ್ಪಿಗೆಯನ್ನು ಈ ವಾರವೇ ಪಡೆಯಿರಿ.

ಓದಿ ಆದ ಮೇಲೆ ಈ ಹಾಳೆಯನ್ನು ಎಳ್ಳಿನ ಪೊಟ್ಟಣದ ಜೊತೆ ಪಕ್ಕದ ಮನೆಗೆ ಕೊಡಿ. ಕನ್ನಡ ಬಾರದ ನೆರೆಯವರಿದ್ದರೆ ಕೂತು ಓದಿ ಹೇಳಿ.

ದಿಲ್ಲಿ ಮತ್ತು ಸುತ್ತಲಿನ ಊರುಗಳ ಕೆಲವು ಕನ್ನಡಿಗರು